ಜಾಡಿಯ ತಳ ನೋಡದೆ ಬರೆದ ಸುದ್ದಿ

ಆಲ್ದೂರಿನಿಂದ ಒಳಗೆ ತೋಟದ ದಾರಿಯಲ್ಲಿರುವ ಒಂದು ಮನೆಗೆ ನಾಲ್ಕು ವರ್ಷದ ಹಿಂದೆ ಹೋಗಿದ್ದೆ. ಮಳೆಗೆ ಕಾಫಿ ಉದುರಿದ ಸುದ್ದಿ ಮಾಡಬೇಕಿತ್ತು. ಊಟಕ್ಕೆ ಕೂತಾಗ ಅಜ್ಜಿ ಮೂಲೆಯಲ್ಲಿದ್ದ ಜಾಡಿಯಿಂದ ಮಾವಿನ ಮಿಡಿ ತೆಗೆದು ಹಾಕಿದರು. ಮೇಲರ್ಧ ಕಂದು, ಕೆಳಗರ್ಧ ಹಾಲುಬಣ್ಣದ ಜಾಡಿ. ಸೊಂಟದೆತ್ತರ ಇತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದರು.

"ಚೀನಾದ್ದು ಮಗಾ. ನಮ್ಮ ಮಾವನ ಅಪ್ಪ ಕಾಫಿ ಗಾಡಿ ಜೊತೆ ಮಂಗಳೂರಿಗೆ ಹೋದಾಗ ತಂದಿದ್ದಂತೆ" ಎಂದರು.

ನನಗೆ ಕಾಫಿ ಮರೆತುಹೋಯಿತು. ಫೋಟೊ ತೆಗೆದು ಆಫೀಸಿಗೆ ಕಳಿಸಿದೆ. "ಎಷ್ಟು ವರ್ಷ ಹಳೇದು?" ಎಂದು ಡೆಸ್ಕ್‌ನಿಂದ ಫೋನ್ ಬಂತು. ಮೊಬೈಲಿನಲ್ಲಿ ಹುಡುಕಿದೆ, ಮಿಂಗ್ ರಾಜವಂಶ ಅಂತ ಸಿಕ್ಕಿತು. 500 ಎಂದುಬಿಟ್ಟೆ. ಮರುದಿನ "ಮಲೆನಾಡಿನ ಅಡುಗೆಮನೆಯಲ್ಲಿ 500 ವರ್ಷದ ಚೀನಾ ಜಾಡಿ" ಎಂದು ನನ್ನ ಹೆಸರಿನಲ್ಲೇ ಬಂತು. ಡಿಪ್ಲೊಮಾ ಮುಗಿಸಿದ ಮೇಲೆ ಅಷ್ಟು ಜನ ಫೋನ್ ಮಾಡಿದ್ದು ಅದೇ ಮೊದಲು.

ಆಮೇಲಿನದ್ದು ಪತ್ರಿಕೆಯಲ್ಲಿ ಬರಲಿಲ್ಲ. ಹಳೆ ಸಾಮಾನು ಕೊಳ್ಳುವವನೊಬ್ಬ ಫೋನಿನಲ್ಲೇ ಎರಡು ಲಕ್ಷ ಎಂದ, ಮನೆಗೆ ಬರಲೇ ಇಲ್ಲ. ಆದರೆ ಆ ಎರಡು ಲಕ್ಷ ಮನೆಯಲ್ಲೇ ಉಳಿಯಿತು. ಜಮೀನನ್ನು ಒಂದು ಮಾತಿಲ್ಲದೆ ಪಾಲು ಮಾಡಿಕೊಂಡಿದ್ದ ಅಣ್ಣತಮ್ಮಂದಿರು ಜಾಡಿ ಯಾರ ಪಾಲಿಗೆ ಎಂದು ಮಾತು ಬಿಟ್ಟರು. ಅಜ್ಜಿ ಮಿಡಿಯನ್ನೆಲ್ಲ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಜಾಡಿ ತೊಳೆದು ಕೋಣೆಯಲ್ಲಿಟ್ಟು ಬೀಗ ಹಾಕಿದರು. ಆ ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಬೂಸ್ಟು ಬಂತು.

ಒಂದು ದಿನ ನಿವೃತ್ತ ಇತಿಹಾಸ ಉಪನ್ಯಾಸಕರೊಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ತಳ ನೋಡಿದ್ರಾ?" ನೋಡಿರಲಿಲ್ಲ. ತಮ್ಮನ ಜೊತೆ ಸೇರಿ ಜಾಡಿ ಮಲಗಿಸಿದೆ. ತಳದಲ್ಲಿ ಮೊಟ್ಟೆಯಾಕಾರದ ಅಚ್ಚಿತ್ತು. ಇಂಗ್ಲಿಷ್ ಅಕ್ಷರಗಳು ಸವೆದಿದ್ದವು. ಕೊನೆಯ ಪದ ಮಾತ್ರ ಓದಲು ಬಂತು: 'ಇಂಡಿಯಾ'. ಈ ಇಬ್ಬಣ್ಣದ ಮಾದರಿಯೂ ಚೀನಾದ್ದಲ್ಲ, ಇಂಗ್ಲೆಂಡಿನ ಕಾರ್ಖಾನೆಗಳು 19ನೇ ಶತಮಾನದಲ್ಲಿ ರೂಢಿಗೆ ತಂದದ್ದು ಎಂದು ಉಪನ್ಯಾಸಕರೇ ವಿವರಿಸಿದರು.

ನಾಚಿಕೆಯಿಂದಲೇ ಓದಲು ಕೂತೆ. ಸುದ್ದಿ ಬರೆಯುವ ಮೊದಲು ಓದಬೇಕಿದ್ದದ್ದು ಅದು.

ಅಜ್ಜಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಚೀನಾದ ಜಾಡಿಗಳು ನಮ್ಮ ಕರಾವಳಿಗೆ ಬರುತ್ತಿದ್ದುದು ನಿಜ. 1340ರ ದಶಕದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಹೋದ ಇಬ್ನ್ ಬತೂತ ಅಲ್ಲಿ ಚೀನಾದ 13 ಹಡಗು ನಿಂತಿದ್ದವೆಂದು ಬರೆದಿದ್ದಾನೆ. ಮುಂದೆ ಪೂರ್ವದ ಸಮುದ್ರಯಾನದಲ್ಲಿ ಅವನಿಗೆ ಉಡುಗೊರೆಯಾಗಿ ಸಿಕ್ಕಿದ್ದೇನು ಗೊತ್ತೇ? ಉಪ್ಪು ಹಾಕಿದ ಶುಂಠಿ, ಮೆಣಸು, ನಿಂಬೆ, ಮಾವು ತುಂಬಿದ ನಾಲ್ಕು 'ಮರ್ತಬಾನ್'! ದಕ್ಷಿಣ ಚೀನಾದ ಗೂಡುಗಳಲ್ಲಿ ಸುಟ್ಟ ದೊಡ್ಡ ಜಾಡಿಗಳು ಬರ್ಮಾದ ಮರ್ತಬಾನ್ ಬಂದರಿನ ಮೂಲಕ ಬರುತ್ತಿದ್ದುದರಿಂದ ಆ ಹೆಸರು. ಉರ್ದು, ಹಿಂದಿಯಲ್ಲಿ ಉಪ್ಪಿನಕಾಯಿ ಜಾಡಿಗೆ ಇಂದಿಗೂ ಅದೇ ಪದ. ಮಲಯಾಳದಲ್ಲಿ ಚೀನ ಭರಣಿ ಎನ್ನುತ್ತಾರೆ. 1405ರಿಂದ 1433ರವರೆಗೆ ಏಳು ಯಾನ ನಡೆಸಿದ ಝೆಂಗ್ ಹೆಯ ನೌಕಾಪಡೆಗೂ ಕಲ್ಲಿಕೋಟೆ ಮುಖ್ಯ ತಂಗುದಾಣ. ಹಂಪಿಯ ಉತ್ಖನನದಲ್ಲೂ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ.

ಆ ಬಿಳಿ ಪಿಂಗಾಣಿ ಬೇರೆಯದೇ ವಿದ್ಯೆ. ಅದರ ದೊಡ್ಡ ಊರು ಜಿಂಗ್‌ಡೆಝೆನ್. ಹತ್ತಿರದ ಗಾವೊಲಿಂಗ್ ಗುಡ್ಡದ ಬಿಳಿಮಣ್ಣಿನಿಂದಲೇ 'ಕೆಯೋಲಿನ್' ಎಂಬ ಹೆಸರು ಬಂದದ್ದು. ಆ ಮಣ್ಣಿಗೆ ಒಂದು ಜಾತಿಯ ಕಲ್ಲಿನ ಪುಡಿ ಬೆರೆಸಿ ಸುಮಾರು 1,300 ಡಿಗ್ರಿಯಲ್ಲಿ ಸುಟ್ಟರೆ ಗಾಜಿನಂತೆ ಬಿಗಿಯುತ್ತದೆ. ನೀಲಿ ಚಿತ್ತಾರಕ್ಕೆ ಬೇಕಾದ ಕೋಬಾಲ್ಟ್ 14ನೇ ಶತಮಾನದಲ್ಲಿ ಪರ್ಷಿಯಾ ಕಡೆಯಿಂದ ಬರುತ್ತಿತ್ತು. ಹಸಿ ಬಟ್ಟಲಿನ ಮೇಲೆ ಚಿತ್ರ ಬರೆದು, ಅದರ ಮೇಲೆ ಮೆರುಗು ಹಚ್ಚಿ ಸುಡುವುದು. ಒಂದು ಬಟ್ಟಲು ಮುಗಿಯಲು 72 ಕೈ ದಾಟಬೇಕು ಎಂದು ಸಾಂಗ್ ಯಿಂಗ್‌ಶಿಂಗ್ 1637ರ ತನ್ನ ಪುಸ್ತಕದಲ್ಲಿ ಹೇಳುತ್ತಾನೆ. ನನ್ನ ಸುದ್ದಿ ಅಚ್ಚಾಗಲು ಮೂರು ಕೈ ದಾಟಿರಬಹುದು. ಒಬ್ಬರೂ ತಿರುಗಿಸಿ ನೋಡಲಿಲ್ಲ.

ತಳ ನೋಡಿದರೆ ಮುಗಿಯಿತು ಎಂದೂ ಇಲ್ಲ. ಚೀನಾದ ಬಟ್ಟಲುಗಳ ತಳದಲ್ಲಿ ಯಾವ ದೊರೆಯ ಕಾಲದ್ದು ಎಂದು ಬರೆದಿರುತ್ತದೆ. ಆದರೆ ಕಾಂಗ್ಶಿ ದೊರೆಯ ಕಾಲದ ಕುಶಲಿಗಳು ತಮ್ಮ ಬಟ್ಟಲಿಗೆ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ದೊರೆಯ ಮುದ್ರೆ ಬರೆದದ್ದೂ ಉಂಟು. ಬರೆದಿದೆ ಎಂದ ಮಾತ್ರಕ್ಕೆ ನಿಜ ಅಲ್ಲ. ಇದು ನಮ್ಮ ಕಸುಬಿನವರಿಗೆ ಬೇರೆ ಹೇಳಬೇಕಾಗಿಲ್ಲ.

ತಿದ್ದುಪಡಿ ಕಳಿಸಿದೆ. "ಯಾರೂ ಕೇಳಿಲ್ಲವಲ್ಲ, ಬಿಡಿ" ಎಂದರು. ಅಜ್ಜಿಗೆ ಮಾತ್ರ ಹೋಗಿ ಹೇಳಲೇಬೇಕಿತ್ತು. ಜಗಲಿಯಲ್ಲಿ ಕೂತು, ತಪ್ಪು ನನ್ನದು, ಆ 500 ವರ್ಷ ನಾನೇ ಹಾಕಿದ್ದು ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಇನ್ನು ಅದಕ್ಕೆ ಮಿಡಿ ಹಾಕಬಹುದಲ್ಲ?" ಎಂದು ಕೇಳಿದರು.

ಹಾಕಬಹುದು. ಒಳಹೊರಗೆ ಮೆರುಗಿರುವುದರಿಂದ ಉಪ್ಪು, ಹುಳಿ ಜಾಡಿಯನ್ನು ತಿನ್ನುವುದಿಲ್ಲ, ಜಾಡಿಯ ರುಚಿಯೂ ಮಿಡಿಗೆ ಹತ್ತುವುದಿಲ್ಲ. ತಾಮ್ರ, ಹಿತ್ತಾಳೆಯಲ್ಲಿ ಹಾಗಲ್ಲ. ಚೀನಾದವರು ಶತಮಾನಗಳ ಹಿಂದೆ ಹಡಗು ತುಂಬಿ ಕಳಿಸಿದ ಆ ಜಾಡಿಗಳಿಗೆ ಬೆಲೆ ಬಂದದ್ದೂ ಈ ಗುಣದಿಂದಲೇ. ಎಲ್ಲೇ ತಯಾರಾಗಿರಲಿ, ಅಜ್ಜಿಯ ಜಾಡಿಯಲ್ಲಿ ಆ ಗುಣ ಇದೆ.

ನಮ್ಮ ಬ್ಯಾಚಿನವರಿಗೆ, ಹಿಂದೆಮುಂದಿನವರಿಗೆ ಒಂದು ಮಾತು. ಹಳೆ ವಸ್ತುವಿನ ಸುದ್ದಿ ಸಿಕ್ಕರೆ ಮೊದಲು ತಳದ ಫೋಟೊ ತೆಗೆಯಿರಿ. ಮನೆಯವರು ಹೇಳಿದ್ದನ್ನು "ಮನೆಯವರು ಹೇಳುತ್ತಾರೆ" ಎಂದೇ ಬರೆಯಿರಿ. ಪುರಾತತ್ವ ಇಲಾಖೆಯವರನ್ನೋ ತಿಳಿದ ಮೇಷ್ಟರನ್ನೋ ಕೇಳಿ. ಬೆಲೆಯ ಅಂದಾಜು ಹಾಕಲೇಬೇಡಿ.

ಜಾಡಿ ಮತ್ತೆ ಅಡುಗೆಮನೆ ಮೂಲೆಗೆ ಬಂದಿದೆ. ಈ ವರ್ಷ ಅಜ್ಜಿ ನನಗೂ ಒಂದು ಬಾಟಲಿ ಮಿಡಿ ಕೊಟ್ಟರು. ಅಣ್ಣತಮ್ಮಂದಿರು ಮಾತಾಡುತ್ತಿಲ್ಲ.