ಓಲ್ನಿಯ ಇಬ್ಬರು ಹಾಡುಗಾರರು

ಮಿಲ್ಟನ್ ಕೀನ್ಸ್‌ಗೆ ಪ್ರಾಜೆಕ್ಟ್ ಮೇಲೆ ಬರುವ ನಮ್ಮಂಥ ಸಾಫ್ಟ್‌ವೇರ್ ಮಂದಿ ಮೊದಲ ವೀಕೆಂಡ್‌ಗೇ ಬ್ಲೆಚ್ಲಿ ಪಾರ್ಕ್ ನೋಡ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗೂಢಲಿಪಿ ಒಡೆದ ಜಾಗ ಅದು, ನಮಗೆ ತೀರ್ಥಕ್ಷೇತ್ರವೇ. ನಾನೂ ನೋಡಿದೆ. ಆದರೆ ನನ್ನ ಮನಸ್ಸು ಸೆಳೆದದ್ದು ಅಲ್ಲಿಂದ ಹೆಚ್ಚು ದೂರವಿಲ್ಲದ ಓಲ್ನಿ ಎಂಬ ಪುಟ್ಟ ಊರು. ‘ಅಮೇಜಿಂಗ್ ಗ್ರೇಸ್’ ಹುಟ್ಟಿದ್ದು ಅಲ್ಲಿ. ಚರ್ಚ್ ಮೆಟ್ಟಿಲು ಹತ್ತದವರೂ ಆ ರಾಗವನ್ನ ಯಾವುದೋ ಸಿನಿಮಾದಲ್ಲಾದರೂ ಕೇಳಿರ್ತೀರಿ.

ಊರು ಅಂದರೆ ಒಂದು ಅಗಲ ಬೀದಿ, ಒಂದು ಸಂತೆ ಮೈದಾನ, ಹಳೇ ಕಲ್ಲಿನ ಮನೆಗಳು. ಕೆಳಗೆ ಗ್ರೇಟ್ ಊಸ್ ನದಿ, ಹುಲ್ಲುಗಾವಲು, ದೂರದಿಂದಲೇ ಕಾಣುವ ಚರ್ಚಿನ ಗೋಪುರ. ವರ್ಷಕ್ಕೊಮ್ಮೆ, ಲೆಂಟ್ ಶುರುವಾಗುವ ಹಿಂದಿನ ದಿನ, ಇಲ್ಲಿನ ಹೆಂಗಸರು ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಿಡಿದು ಓಟದ ಪಂದ್ಯ ಆಡ್ತಾರಂತೆ. ಅದನ್ನು ನೋಡುವ ಭಾಗ್ಯ ನನಗೆ ಸಿಗಲಿಲ್ಲ.

1764ರಲ್ಲಿ ಜಾನ್ ನ್ಯೂಟನ್ ಇಲ್ಲಿಗೆ ಪಾದ್ರಿಯಾಗಿ ಬಂದಾಗ ಇದು ಲೇಸ್ ಹೆಣೆಯುವ ಬಡವರ ಊರು. ವಾರದ ಪ್ರಾರ್ಥನಾ ಕೂಟಕ್ಕೆ ಅವರಿಗೆ ಅರ್ಥವಾಗುವ ಸರಳ ಮಾತಿನಲ್ಲಿ ನ್ಯೂಟನ್ ಹಾಡು ಕಟ್ಟುತ್ತಿದ್ದರು. 1773ರ ಜನವರಿ 1ರ ಪ್ರಸಂಗಕ್ಕೆಂದು ಸಿದ್ಧ ಮಾಡಿದ್ದು ಈ ಹಾಡು. ಆಧಾರ, 1 ಪೂರ್ವಕಾಲವೃತ್ತಾಂತ 17ನೇ ಅಧ್ಯಾಯದಲ್ಲಿ ದಾವೀದ ಮಾಡುವ ಪ್ರಾರ್ಥನೆ.

ನ್ಯೂಟನ್ ಹಿಂದೆ ಗುಲಾಮರ ಹಡಗಿನ ಕಪ್ತಾನ. ವಾಟ್ಸಾಪ್‌ನಲ್ಲಿ ಓಡಾಡುವ ಕಥೆಯಲ್ಲಿ ಬಿರುಗಾಳಿ ಬಂತು, ದೇವರು ಕಂಡ, ಮರುದಿನವೇ ಎಲ್ಲ ಬಿಟ್ಟರು. ನಿಜ ಅಷ್ಟು ಸುಲಭ ಇಲ್ಲ. ಬಿರುಗಾಳಿ 1748ರಲ್ಲಿ. ಅದಾದ ಮೇಲೂ ಮೂರು ಸಲ ಕಪ್ತಾನನಾಗಿ ಗುಲಾಮರನ್ನು ಸಾಗಿಸಿದರು. 1754ರಲ್ಲಿ ಸಮುದ್ರ ಬಿಡಿಸಿದ್ದು ಕಾಯಿಲೆ, ಪಶ್ಚಾತ್ತಾಪ ಅಲ್ಲ. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು ತಪ್ಪೊಪ್ಪಿಕೊಂಡದ್ದು 1788ರಲ್ಲಿ. ಬಗ್ ಸಿಕ್ಕಿ ಫಿಕ್ಸ್ ಆಗೋಕೆ ನಲವತ್ತು ವರ್ಷ! ಹಾಗಿದ್ದೂ ಗುಲಾಮರ ಮೊಮ್ಮಕ್ಕಳೇ ಈ ಹಾಡನ್ನ ತಮ್ಮದು ಮಾಡಿಕೊಂಡರು. ಈಗ ನಾವು ಹಾಡುವ ರಾಗ ಇದಕ್ಕೆ ಜೋಡಿಯಾದದ್ದೂ ಅಮೆರಿಕದಲ್ಲೇ, 1835ರಲ್ಲಿ. 2015ರಲ್ಲಿ ಚಾರ್ಲ್ಸ್‌ಟನ್‌ನ ಕಪ್ಪು ಜನರ ಚರ್ಚ್‌ನಲ್ಲಿ ಒಂಬತ್ತು ಮಂದಿಯನ್ನು ಗುಂಡಿಕ್ಕಿ ಕೊಂದಾಗ, ಅಲ್ಲಿನ ಪಾದ್ರಿಯ ಅಂತ್ಯಕ್ರಿಯೆಯಲ್ಲಿ ಒಬಾಮಾ ಮಾತು ನಿಲ್ಲಿಸಿ, ಸ್ವಲ್ಪ ತಡೆದು, ಹಾಡಿದ್ದು ಇದನ್ನೇ. ಆ ವಿಡಿಯೋ ನೋಡಿ.

ನನಗೆ ಹೆಚ್ಚು ಕಾಡಿದ್ದು ಮಾತ್ರ ಸಂತೆ ಮೈದಾನದ ಮೂಲೆಯ ಕೆಂಪು ಇಟ್ಟಿಗೆ ಮನೆ. ಈಗ ಮ್ಯೂಸಿಯಂ. ಇಲ್ಲಿದ್ದವರು ವಿಲಿಯಂ ಕೂಪರ್, ಕವಿ, ನ್ಯೂಟನ್‌ರ ಆಪ್ತ ಗೆಳೆಯ. ಇಬ್ಬರೂ ಸೇರಿ ಒಂದು ಹಾಡಿನ ಪುಸ್ತಕ ಮಾಡಬೇಕೆಂದಿದ್ದರು. ನ್ಯೂಟನ್ ಆ ಹೊಸ ವರ್ಷದ ಹಾಡು ಕೊಟ್ಟ ಅದೇ ತಿಂಗಳಲ್ಲಿ ಕೂಪರ್ ಮನಸ್ಸು ಕುಸಿಯಿತು. ಹಿಂದೆಯೂ ಒಮ್ಮೆ ಹೀಗಾಗಿತ್ತು. ಈ ಸಲ, ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟಿದ್ದಾನೆ ಎಂಬ ಭಾವನೆ ಗಟ್ಟಿಯಾಗಿ ಕೂತಿತು. ಮತ್ತೆ ಆರಾಧನೆಗೆ ಹೋಗಲೇ ಇಲ್ಲ. ಹಾಡು ಕಟ್ಟುವುದೂ ಬಹುಮಟ್ಟಿಗೆ ನಿಂತಿತು. 1779ರಲ್ಲಿ ಪುಸ್ತಕ ಬಂದಾಗ 348 ಹಾಡುಗಳಲ್ಲಿ ಕೂಪರ್‌ರದ್ದು ಅರವತ್ತಕ್ಕೂ ಹೆಚ್ಚು. ದೇವರ ದಾರಿ ನಮಗೆ ತಿಳಿಯದು, ಆದರೂ ನಂಬು ಎನ್ನುವ ಅವರ ಹಾಡನ್ನು ಇವತ್ತಿಗೂ ಲೋಕವೆಲ್ಲ ಹಾಡುತ್ತೆ. ಬರೆದವರಿಗೆ ಆ ಸಮಾಧಾನ ಉಳಿಯಲಿಲ್ಲ.

ಹುಬ್ಬಳ್ಳಿಯಲ್ಲಿರುವ ನಮ್ಮ ಕಾಕಾ ಒಂದು ಕಾಲಕ್ಕೆ ಚರ್ಚ್ ಕ್ವಾಯರ್‌ನ ಜೀವ. ಕ್ರಿಸ್‌ಮಸ್ ರಾತ್ರಿ ಮನೆಮನೆಗೆ ಹಾಡಲು ಹೋದರೆ ಕಾಕಾನ ದನಿ ಮೂರು ಓಣಿ ಆಚೆ ಕೇಳಿಸ್ತಿತ್ತು. ಡಿಪ್ರೆಶನ್ ಶುರುವಾದ ಮೇಲೆ ಮನೆ ಬಿಟ್ಟು ಹೊರಗೆ ಬರಲಿಲ್ಲ. “ಪ್ರಾರ್ಥನಾ ಕಮ್ಮಿ ಆತು, ಅದಕ್ಕ ಹಿಂಗ” ಅಂದವರು ಇದ್ದರು, ಅದೂ ಕಾಕಾನ ಎದುರಿಗೇ. ಆ ಮಾತಿಗೆ ಏನು ಉತ್ತರ ಕೊಡಬೇಕು ಅಂತ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ನ್ಯೂಟನ್ ಕೊಟ್ಟ ಉತ್ತರ ಗೊತ್ತಾ? ಗೆಳೆಯನನ್ನು ಕರೆದುಕೊಂಡು ಹೋಗಿ ವರ್ಷಕ್ಕೂ ಮೀರಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಪುಸ್ತಕ ಬರುವ ಹೊತ್ತಿಗೆ ಕೂಪರ್ ಚರ್ಚ್‌ಗೆ ಕಾಲಿಡುತ್ತಿರಲಿಲ್ಲ. ಹಾಗಂತ ಅವರ ಹಾಡುಗಳನ್ನು ಕೈಬಿಡಲಿಲ್ಲ.

ಮನೆಯ ಹಿಂದೆ ತೋಟ. ಕೂಪರ್ ಕೂತು ಬರೆಯುತ್ತಿದ್ದ ಗೂಡಿನಂಥ ಒಂದು ಸಣ್ಣ ಕೋಣೆ ಅಲ್ಲಿ ಹಾಗೇ ಇದೆ. ಮನಸ್ಸು ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರು ಮೂರು ಕಾಡುಮೊಲ ಸಾಕಿದ್ದರು. ಚರ್ಚ್ ಅಂಗಳದಲ್ಲಿ ನ್ಯೂಟನ್ ಸಮಾಧಿಯಿದೆ, 1893ರಲ್ಲಿ ಲಂಡನ್‌ನಿಂದ ತಂದು ಇಟ್ಟದ್ದು. ಅದರ ಫೋಟೊ ನಾನು ತೆಗೆದದ್ದು ಒಂದೇ. ತೋಟದ್ದು ಹತ್ತಾರು. ಎಲ್ಲವನ್ನೂ ಕಾಕಾಗೆ ಕಳಿಸಿ, ಕೂಪರ್ ಕಥೆಯನ್ನು ವಾಯ್ಸ್ ಮೆಸೇಜ್‌ನಲ್ಲಿ ಹೇಳಿದೆ. ಎರಡು ದಿನ ಬ್ಲೂ ಟಿಕ್ ಅಷ್ಟೇ. ಮೂರನೇ ದಿನ ಉತ್ತರ ಬಂತು: “ಆ ಮೊಲಕ್ಕ ಏನಂತ ಹೆಸರಿಟ್ಟಿದ್ದಾ ಅಂವಾ?”

ಪಸ್, ಟೈನಿ, ಬೆಸ್ ಅಂತ ಬರೆದು ಕಳಿಸಿದೆ.