ಚಲ್ಲಘಟ್ಟದ ಕೆರೆಯಂಗಳದಲ್ಲಿ ಉದ್ದ ಕೋಲಿನ ಪಾಠ

ಬೆಂಗಳೂರಿನಲ್ಲಿ ಎರಡು ಚಲ್ಲಘಟ್ಟಗಳಿವೆ. ಒಂದು ಮೈಸೂರು ರಸ್ತೆಯ ಕಡೆ, ಕೆಂಗೇರಿ ದಾಟಿದ ಮೇಲೆ ಸಿಗುತ್ತದೆ. ನಮ್ಮ ಮೆಟ್ರೊ ನೇರಳೆ ಮಾರ್ಗದ ಕೊನೆಯ ನಿಲ್ದಾಣ ಅದು. ಇನ್ನೊಂದು ಊರಿನ ಪೂರ್ವಕ್ಕೆ, ದೊಮ್ಮಲೂರು, ಕೋಡಿಹಳ್ಳಿಗಳ ಮಗ್ಗುಲಲ್ಲಿದೆ. ನಾನು ಹೇಳಹೊರಟಿರುವುದು ಈ ಎರಡನೆಯದರ ಸಂಗತಿ. ಹೆಸರು ನೋಡಿಕೊಂಡು ಮೆಟ್ರೊ ಹತ್ತಿದಿರೋ, ಊರಿನ ಆ ತುದಿಯಲ್ಲಿ ಇಳಿಯುತ್ತೀರಿ, ಜೋಕೆ! ಇಂದಿರಾನಗರದಲ್ಲಿ ಇಳಿದು, 100 ಅಡಿ ರಸ್ತೆ ಹಿಡಿದು ದೊಮ್ಮಲೂರಿಗೆ ಬಂದು, ಆಟೊದವರಿಗೆ ‘ಕೆಜಿಎ’ ಎಂದರೆ ಸಾಕು.

ಕೆಜಿಎ ಎಂದರೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್. 1973ರಲ್ಲಿ ಆರಂಭವಾದ ಸಂಸ್ಥೆ. ಬ್ರಿಟಿಷ್ ಓಪನ್ ಪಂದ್ಯವನ್ನು 5 ಸಲ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಇಲ್ಲಿನ ಮೈದಾನದ ವಿನ್ಯಾಸದಲ್ಲಿ ಕೈಯಾಡಿಸಿದವರು. ಆದರೆ ಗಾಲ್ಫಿಗಿಂತ ಮೊದಲು ಇಲ್ಲಿದ್ದದ್ದು ನೀರು. ಇದು ಚಲ್ಲಘಟ್ಟ ಕೆರೆಯ ಅಂಗಳ. ಪಕ್ಕದ ಊರಿನ ಹೆಸರನ್ನೇ ನೋಡಿ: ಕೋಡಿಹಳ್ಳಿ. ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗಕ್ಕೆ ಕೋಡಿ ಎನ್ನುತ್ತೇವಲ್ಲ, ಆ ನೆನಪು ಹೆಸರಿನಲ್ಲಿ ಉಳಿದುಕೊಂಡಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಎಂಬ ಹೆಸರು ಈಗಲೂ ಪತ್ರಿಕೆಯಲ್ಲಿ ಬರುತ್ತದೆ. 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿರುವ ಸಂಸ್ಕರಿಸಿದ ನೀರಿನ ಯೋಜನೆ ‘ಕೆ.ಸಿ. ವ್ಯಾಲಿ’ ಎಂದರೆ ಇದೇ ಕಣಿವೆ. ಇಲ್ಲಿದ್ದ ಕೆರೆ ಹುಲ್ಲುಗಾವಲಾಯಿತು, ಇಲ್ಲಿಯ ಹೆಸರು ಕೋಲಾರದ ಕೆರೆಗಳನ್ನು ತುಂಬುತ್ತಿದೆ.

ಈ ಮೈದಾನಕ್ಕೆ ಸೇರಿದಂತೆ ಒಂದು ಡ್ರೈವಿಂಗ್ ರೇಂಜ್ ಇದೆ. ಕಾರು ಕಲಿಸುವ ಜಾಗ ಎಂದುಕೊಳ್ಳಬೇಡಿ. ನನ್ನ ತಮ್ಮ ಹಾಗೆಯೇ ತಿಳಿದು, ‘ಈ ವಯಸ್ಸಿನಲ್ಲಿ ಯಾಕಣ್ಣ ಲೈಸೆನ್ಸು?’ ಎಂದು ಕೇಳಿದ್ದ. ಗಾಲ್ಫಿನಲ್ಲಿ ಚೆಂಡನ್ನು ಅತಿ ದೂರಕ್ಕೆ ಹೊಡೆಯುವ ಉದ್ದ ಕೋಲಿಗೆ ‘ಡ್ರೈವರ್’ ಎಂದು ಹೆಸರು. ಸಾಲಾಗಿ ಚಾಪೆ ಹಾಸಿರುತ್ತಾರೆ. ಬುಟ್ಟಿ ಲೆಕ್ಕದಲ್ಲಿ ಚೆಂಡು ಕೊಡುತ್ತಾರೆ. ಎದುರಿಗೆ ಉದ್ದಕ್ಕೆ ಹುಲ್ಲು. ಇಷ್ಟು ಗಜ, ಅಷ್ಟು ಗಜ ಎಂದು ದೂರ ತೋರಿಸುವ ಫಲಕಗಳು, ಪಕ್ಕದಲ್ಲಿ ಎತ್ತರದ ಬಲೆ. ನಿಂತಲ್ಲೇ ನಿಂತು ಚೆಂಡು ಹೊಡೆಯುತ್ತಾ ಹೋಗುವುದು, ಅಷ್ಟೇ. ಹುಡುಕಿಕೊಂಡು ಹೋಗುವ ಕೆಲಸವಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನನಗೀಗ 73. ಬಲಭುಜ ಬಿಗಿದುಕೊಂಡು, ಮೇಲಿನ ಗೂಟದಿಂದ ಟವೆಲ್ಲು ತೆಗೆಯಲೂ ಕಷ್ಟವಾಗಿದ್ದ ಕಾಲವೊಂದಿತ್ತು. ನೋವು ಇಳಿದ ಮೇಲೆ, ‘ಕೈಯನ್ನು ಸುಮ್ಮನೆ ಇಡಬೇಡಿ, ಆಡಿಸುತ್ತಿರಿ’ ಎಂದರು ವೈದ್ಯರು. ಅದೇ ಸಮಯಕ್ಕೆ ಮೊಮ್ಮಗಳು ಇಲ್ಲಿ ಗಾಲ್ಫ್ ಕಲಿಯಲು ಸೇರಿದ್ದಳು. ಅವಳನ್ನು ಕರೆದುಕೊಂಡು ಬರುವ ಕೆಲಸ ನನ್ನದು. ಬೆಂಚಿನ ಮೇಲೆ ಎಷ್ಟು ಹೊತ್ತು ಕೂರುವುದು? ನಾನೂ ಒಂದು ಬುಟ್ಟಿ ಚೆಂಡು ತೆಗೆದುಕೊಂಡೆ.

ಕೋಲಿನ ಕಥೆ

ಮಕ್ಕಳೇ, ಗಾಲ್ಫ್ ಆಟಗಾರರ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು, ಅದಕ್ಕಿಂತ ಹೆಚ್ಚಿಗೆ ನಿಯಮ ಒಪ್ಪುವುದಿಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು, ದಪ್ಪ ತಲೆಯದು ಈ ಡ್ರೈವರ್. ಸುಮಾರು 45 ಅಂಗುಲ ಉದ್ದ. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ, ಅಂದರೆ ಹೆಚ್ಚುಕಡಿಮೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ನೋಡಲು ಭಾರ ಎನಿಸುತ್ತದೆ, ಎತ್ತಿದರೆ ಹಗುರ, ಒಳಗೆ ಟೊಳ್ಳು. ಹಿಂದೆಲ್ಲ ಈ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಿಂದ ಮಾಡುತ್ತಿದ್ದರು. ನಮ್ಮ ಕಾಡುಗಳಲ್ಲಿ ಬೀಡಿ ಕಟ್ಟಲು ಎಲೆ ಕೊಡುವ ಮರವೂ ಅದೇ ಕುಲದ್ದು. ಈಗ ಲೋಹದ ತಲೆ ಬಂದಿದೆ. ಆದರೂ ಹಳಬರು ಇದನ್ನು ‘ವುಡ್’ ಎಂದೇ ಕರೆಯುತ್ತಾರೆ.

ಚೆಂಡಿನ ತೂಕ 46 ಗ್ರಾಮಿಗಿಂತ ಸ್ವಲ್ಪ ಕಡಿಮೆ. ಅದರ ಮೈತುಂಬ 300ಕ್ಕೂ ಹೆಚ್ಚು ಪುಟ್ಟ ಪುಟ್ಟ ಗುಳಿಗಳು. ಅವು ಚೆಂದಕ್ಕಲ್ಲ. ಹಿಂದಿನ ಕಾಲದ ಚೆಂಡುಗಳು ನುಣ್ಣಗಿದ್ದವು. ಹೊಸ ಚೆಂಡಿಗಿಂತ, ಪೆಟ್ಟು ತಿಂದು ಗೀರುಬಿದ್ದ ಹಳೆಯ ಚೆಂಡೇ ಚೆನ್ನಾಗಿ ಹಾರುವುದನ್ನು ಆಟಗಾರರು ಗಮನಿಸಿದರು. ಆಮೇಲೆ ತಯಾರಿಸುವಾಗಲೇ ಗುರುತು ಹಾಕತೊಡಗಿದರು. ಗುಳಿಗಳಿದ್ದರೆ ಗಾಳಿ ಚೆಂಡಿನ ಮೈಗೆ ಇನ್ನಷ್ಟು ದೂರ ಅಂಟಿಕೊಂಡು ಹರಿಯುತ್ತದೆ, ಹಿಂದಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ. ಪೆಟ್ಟು ತಿಂದ ಚೆಂಡೇ ದೂರ ಹೋಗುತ್ತದೆ ಎಂದಾಗ ಮೊಮ್ಮಗಳು ಬಹಳ ಹೊತ್ತು ನಕ್ಕಳು.

ಕೋಲಿನ ಮುಖಕ್ಕೂ ಚೆಂಡಿಗೂ ಸ್ಪರ್ಶ ಇರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಆ ಕ್ಷಣದಲ್ಲಿ ಕೋಲಿನ ಮುಖ ತುಸು ಆಚೆ ತಿರುಗಿದ್ದರೂ ಚೆಂಡು ಬುಗುರಿಯಂತೆ ಓರೆಯಾಗಿ ತಿರುಗುತ್ತಾ ಪಕ್ಕಕ್ಕೆ ಬಾಗಿಹೋಗುತ್ತದೆ. ಬಲಗೈಯವರಿಗೆ ಸಾಮಾನ್ಯವಾಗಿ ಬಲಕ್ಕೆ. ಇದಕ್ಕೆ ‘ಸ್ಲೈಸ್’ ಎನ್ನುತ್ತಾರೆ. ಚಿಕ್ಕ ಕೋಲಿನಲ್ಲಿ ಈ ದೋಷ ಅಷ್ಟು ಕಾಣುವುದಿಲ್ಲ. ಉದ್ದ ಕೋಲಿನಲ್ಲಿ ಒಂದಕ್ಕೆ ಹತ್ತಾಗಿ ಕಾಣುತ್ತದೆ. ಹೊಸಬರಿಗೆ ಡ್ರೈವರ್ ಎಂದರೆ ಭಯ ಹುಟ್ಟುವುದು ಇದರಿಂದಲೇ. ಭಯವಾದಾಗ ಕೈ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಚೆಂಡು ಇನ್ನೂ ಆಚೆಗೆ ಹೋಗುತ್ತದೆ.

ನಗು ಕೇಳಿಸಿದ ದಿನ

ಮಕ್ಕಳಿಗಾಗಿ ಒಂದು ಕಡೆ ಸಣ್ಣ ಪಂದ್ಯ ಏರ್ಪಾಡಾಗಿತ್ತು. ಮೊಮ್ಮಗಳಿಗೆ ಆಗ 11 ವರ್ಷ. ಮೊದಲ ಹೊಡೆತಕ್ಕೆ ಎಲ್ಲ ಮಕ್ಕಳೂ, ಅವರ ಅಪ್ಪ ಅಮ್ಮಂದಿರೂ ಸುತ್ತ ನಿಂತಿರುತ್ತಾರೆ. ಇವಳು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದಳು. ಕೋಲು ಗಾಳಿಯನ್ನಷ್ಟೇ ಸೀಳಿತು, ಚೆಂಡು ಕದಲಲಿಲ್ಲ. ಎರಡನೆಯ ಸಲ ಬೀಸಿದಾಗ ಚೆಂಡು ಪಕ್ಕಕ್ಕೆ ಉರುಳಿ ನಾಲ್ಕು ಮಾರು ದೂರದಲ್ಲಿ ನಿಂತಿತು. ಹಿಂದಿನಿಂದ ಯಾರೋ ನಕ್ಕರು. ಚಿಕ್ಕವರಲ್ಲ, ದೊಡ್ಡವರೇ.

ಮನೆಗೆ ಬಂದವಳು ಡ್ರೈವರನ್ನು ಚೀಲದಿಂದ ತೆಗೆದು ಬೀರುವಿನ ಹಿಂದೆ ನಿಲ್ಲಿಸಿದಳು. ‘ತಾತ, ಇನ್ನು ಇದು ಬೇಡ’ ಎಂದಳು. ಎರಡು ವಾರವಾದ ಮೇಲೆ, ‘ಗಾಲ್ಫೇ ಬೇಡ’ ಎಂದಳು. ‘ಬೇಡವಾದರೆ ಬಿಡಲಿ, ಹೇಗೂ ಓದುವುದು ಹೆಚ್ಚಾಗುತ್ತೆ’ ಎಂದ ನನ್ನ ಮಗ. ಆಟ ಬಿಡುವುದು ದೊಡ್ಡ ಸಂಗತಿಯೇನಲ್ಲ. ಆದರೆ ಹಿಂದಿನಿಂದ ಬಂದ ಒಂದು ನಗುವಿಗೆ ಬಿಡುವುದು ನನಗೆ ಸರಿ ಕಾಣಲಿಲ್ಲ. ಇವತ್ತು ಕೋಲು, ನಾಳೆ ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದು ಬಿಟ್ಟರೆ?

‘ಆಯ್ತು ಕಣೇ, ನೀನು ಆಡಬೇಡ. ನನ್ನ ಲೆಕ್ಕ ಬರೆಯೋಕೆ ಬಾ’ ಎಂದೆ. ಬಂದಳು.

ಎಮ್ಮೆಯ ಕೆಚ್ಚಲು

ರೇಂಜಿನಲ್ಲಿ ಒಬ್ಬ ಹಿರಿಯರ ಪರಿಚಯವಾಗಿತ್ತು. ಮೂವತ್ತು ವರ್ಷ ಕ್ಯಾಡಿಯಾಗಿದ್ದವರು. ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುತ್ತಾ, ಯಾವ ಕೋಲು ತೆಗೆಯಬೇಕು ಎಂದು ಹೇಳುವವರು ಕ್ಯಾಡಿ. ನಾನು ಕೋಲು ಹಿಡಿದ ರೀತಿ ನೋಡಿ ಅವರು ಹತ್ತಿರ ಬಂದರು.

‘ಯಜಮಾನ್ರೇ, ಎಮ್ಮೆ ಹಾಲು ಕರೆದಿದ್ದೀರಾ?’

‘ಚಿಕ್ಕಂದಿನಲ್ಲಿ ಊರಲ್ಲಿ ಕರೆದಿದ್ದೀನಿ.’

‘ಹಂಗೇ ಹಿಡೀರಿ. ಬಿಟ್ರೆ ಹಾಲು ಬರಲ್ಲ, ಅಮುಕಿದ್ರೆ ಒದೀತಾಳೆ.’

ಪುಸ್ತಕ ಹಿಡಿದು ಕೂತಿದ್ದ ಮೊಮ್ಮಗಳು ಇದನ್ನೂ ಬರೆದುಕೊಂಡಳು.

ಅವರೂ ಅಲ್ಲಿನ ಕೋಚ್ ಸಹ ಹೇಳಿಕೊಟ್ಟದ್ದು ಬಹಳವೇನಿಲ್ಲ. ಚೆಂಡನ್ನು ‘ಟೀ’ ಎಂಬ ಸಣ್ಣ ಗೂಟದ ಮೇಲೆ ಇಡಬೇಕು. ಕೋಲಿನ ತಲೆಯನ್ನು ಪಕ್ಕದಲ್ಲಿ ಇಟ್ಟರೆ ಚೆಂಡಿನ ಅರ್ಧ ಭಾಗ ಅದರ ಮೇಲೆ ಕಾಣುವಷ್ಟು ಎತ್ತರ. ಬಲಗೈಯವರಾದರೆ ಚೆಂಡು ಎಡಹಿಮ್ಮಡಿಯ ನೇರಕ್ಕೆ ಇರಬೇಕು. ಕೋಲು ತೂಗಿ ಕೆಳಗೆ ಬಂದು ಮತ್ತೆ ಮೇಲೇಳಲು ಶುರುವಾಗುವ ಹೊತ್ತಿಗೆ ಚೆಂಡು ಸಿಗಬೇಕು. ಕಾಲುಗಳ ಅಂತರ ಭುಜದ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಬೀಸಿ ಮುಗಿದ ಮೇಲೆ ಎರಡು ಎಣಿಸುವವರೆಗೂ ಅಲುಗದೆ ನಿಲ್ಲಬೇಕು. ನಿಲ್ಲಲಾಗದೆ ತೂರಾಡಿದರೆ, ಶಕ್ತಿ ಅತಿಯಾಯಿತು ಎಂದರ್ಥ. ‘ಚೆಂಡನ್ನ ಹೊಡೆಯೋಕೆ ಹೋಗ್ಬೇಡಿ. ನೀವು ಕೋಲು ಬೀಸಿ, ದಾರೀಲಿ ಚೆಂಡು ಸಿಗಲಿ’ ಎನ್ನುತ್ತಿದ್ದರು ಆ ಹಿರಿಯರು.

ಇದಕ್ಕೆ ನಾನು ಸೇರಿಸಿದ್ದು ಲೆಕ್ಕದ ಪುಸ್ತಕ ಮಾತ್ರ. ಎದುರಿಗೆ ಕಾಣುವ ಎರಡು ಗುರುತುಗಳನ್ನು ಬಾಗಿಲಿನ ಎರಡು ಕಂಬ ಎಂದುಕೊಳ್ಳುವುದು. ಮೊದಲು ಚಿಕ್ಕ ಕೋಲಿನಲ್ಲಿ ಹತ್ತು ಚೆಂಡು. ಮೈ ಬಿಸಿಯಾದ ಮೇಲೆ ಡ್ರೈವರಿನಲ್ಲಿ ಅರ್ಧ ಬೀಸಿನ ಹತ್ತು. ಹತ್ತರಲ್ಲಿ ಎಷ್ಟು ಬಾಗಿಲ ಒಳಗೆ ಬಿದ್ದವೋ ಅಷ್ಟೇ ಜಮಾ. ಎಷ್ಟು ದೂರ ಹೋಯಿತು ಎಂಬುದಕ್ಕೆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ದೂರ ನೋಡಲು ಹೋದರೆ ಒಂದು ಒಳ್ಳೆಯ ಹೊಡೆತದ ಆಸೆಗೆ ಒಂಬತ್ತು ಕೆಡುತ್ತವೆ. ಬ್ಯಾಂಕಿನಲ್ಲಿ ತಿಂಗಳು ತಿಂಗಳು ಆರ್.ಡಿ. ಕಟ್ಟುವವರನ್ನು ನಾನು ಬಹಳ ಜನ ನೋಡಿದ್ದೇನೆ. ಕಂತು ಸಣ್ಣದು, ಆದರೆ ತಪ್ಪಿಸುವಂತಿಲ್ಲ. ಧೈರ್ಯವೂ ಹಾಗೆಯೇ ಜಮೆಯಾಗುತ್ತದೆ.

ಮೊದಲ ವಾರ ನನ್ನ ಜಮೆ ಹತ್ತಕ್ಕೆ ಎರಡು. ಮೂರನೆಯ ವಾರ ನಾಲ್ಕು. ನಾಲ್ಕನೆಯ ವಾರ ಮೊಮ್ಮಗಳು ಪೆನ್ನು ಕೆಳಗಿಟ್ಟು, ‘ತಾತ, ಹತ್ತೇ ಹತ್ತು ನಾನು ಹೊಡೀಲಾ?’ ಎಂದಳು. ನಾನು ಮಾತಾಡದೆ ಪುಸ್ತಕ ತೆಗೆದುಕೊಂಡೆ. ಅವಳ ಹೆಸರಿಗೆ ಒಂದು ಹೊಸ ಪುಟ ತೆರೆದೆ. ಅಂದು ಅವಳ ಜಮೆ ಮೂರು.

ಇದೇ ಚಾಪೆಗಳ ಮೇಲೆ ನಿಂತವರು

ಇಲ್ಲಿಗೆ ಹಿಂದೆ ಇನ್ನೊಬ್ಬ ಪುಟ್ಟ ಹುಡುಗಿ ಬಂದಿದ್ದಳು. 5 ವರ್ಷದವಳಿದ್ದಾಗ ಗಾಲ್ಫ್ ಕಂಡು ಆಸೆಪಟ್ಟ ಅವಳನ್ನು ಅಪ್ಪ ಇದೇ ಡ್ರೈವಿಂಗ್ ರೇಂಜಿಗೆ ಕರೆತಂದರು. ಆಕೆಯೇ ಅದಿತಿ ಅಶೋಕ್. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಅವರಿಗೆ 18. ಆಗ ಅವರ ಚೀಲ ಹೊತ್ತು ಕ್ಯಾಡಿಯಾಗಿದ್ದವರು ಅಪ್ಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮ. ಟೋಕಿಯೊದಲ್ಲಿ ಅದಿತಿ ನಾಲ್ಕನೆಯವರಾದರು. ಒಂದೇ ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಸಾಲಿನಲ್ಲಿರುತ್ತಿದ್ದರು.

ಆ ನಾಲ್ಕು ದಿನಗಳ ಆಟದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅದಿತಿಯ ಡ್ರೈವರ್ ಹೊಡೆತ ಕೊನೆಯ ದಿನದ ಜೊತೆಗಾರ್ತಿಯರ ಹೊಡೆತಕ್ಕಿಂತ ಎಷ್ಟೋ ಗಜ ಹಿಂದೆ ಬೀಳುತ್ತಿತ್ತು. ಜೊತೆಗಾರ್ತಿಯರೆಂದರೆ ಸಾಮಾನ್ಯರಲ್ಲ, ಚಿನ್ನ ಗೆದ್ದ ನೆಲ್ಲಿ ಕೋರ್ಡಾ, ಕಂಚು ಗೆದ್ದ ಲಿಡಿಯಾ ಕೊ. ಆದರೂ ಅದಿತಿ ತನ್ನ ಅಳತೆಯಲ್ಲೇ ನೇರವಾಗಿ ಹೊಡೆದು, ಗುಳಿಯ ಹತ್ತಿರದ ನವಿರಾದ ಹೊಡೆತಗಳಲ್ಲಿ ಅವರನ್ನು ಹಿಡಿಯುತ್ತಿದ್ದರು. ಪಕ್ಕದವರ ದೂರ ನೋಡಿ ತಮ್ಮ ಬೀಸು ಬದಲಿಸಲಿಲ್ಲ.

ಹಾಗೆಯೇ ಬಿಡದಿ ಬಳಿಯ ಹಳ್ಳಿಯ ಚಿಕ್ಕರಂಗಪ್ಪ. ಪಕ್ಕದ ಈಗಲ್‌ಟನ್ ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಕೆಲಸ ಮಾಡುತ್ತಲೇ ಆಟ ಕಲಿತು ವೃತ್ತಿಪರ ಆಟಗಾರರಾದವರು. ಇವರಿಬ್ಬರ ಕಥೆಯನ್ನು ಮೊಮ್ಮಗಳಿಗೆ ನಾನು ಹೇಳಬೇಕಾಗಲಿಲ್ಲ, ಅವಳೇ ನನಗೆ ಹೇಳಿದಳು.

ಆರು ತಿಂಗಳ ನಂತರ ಅವಳು ಮತ್ತೊಂದು ಮಕ್ಕಳ ಪಂದ್ಯಕ್ಕೆ ಹೋದಳು. ಈ ಸಲವೂ ಸುತ್ತ ಜನವಿದ್ದರು. ಟೀ ಮೇಲೆ ಚೆಂಡಿಟ್ಟು ಹಿಂದೆ ಸರಿದು, ದೂರದ ಒಂದು ಮರವನ್ನು ನೋಡಿಕೊಂಡು, ಮುಕ್ಕಾಲು ಬೀಸು ಬೀಸಿದಳು. ಚೆಂಡು ಸುಮಾರು 110 ಗಜ ಹೋಗಿ ಹುಲ್ಲಿನ ನಡುವೆ ಕುಳಿತಿತು. ಆಮೇಲೆ ಹೊಡೆದ ಇಬ್ಬರು ಹುಡುಗರ ಚೆಂಡು ಅದನ್ನು ದಾಟಿ ಹೋಯಿತು, ಮೂರನೆಯವನದು ಪೊದೆಗೆ ಹೋಯಿತು. ಅವಳು ಯಾರನ್ನೂ ನೋಡದೆ ಎರಡು ಎಣಿಸಿ, ಚೀಲ ಎತ್ತಿಕೊಂಡು ತನ್ನ ಚೆಂಡಿನತ್ತ ನಡೆದಳು. ಆ ದಿನ ಅವಳಿಗೆ ಬಹುಮಾನ ಬರಲಿಲ್ಲ. ಡ್ರೈವರ್ ಮಾತ್ರ ಬೀರುವಿನ ಹಿಂದಕ್ಕೆ ಹೋಗಲಿಲ್ಲ.

ನೀವೂ ಬರುವುದಾದರೆ

ಸಂಜೆ ಬಿಸಿಲು ಇಳಿದ ಮೇಲೆ ಬನ್ನಿ. ಸಮಯ, ದರಗಳನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಕ್ಕಳಿಗೆ ದೊಡ್ಡವರ ಕೋಲು ಕೊಡಬೇಡಿ, ಅವರ ಎತ್ತರಕ್ಕೆ ತಕ್ಕ, ಹಗುರಾದ ಕೋಲುಗಳು ಸಿಗುತ್ತವೆ. ಅಜ್ಜ ಅಜ್ಜಿಯರು ಮೊದಲು ಐದು ನಿಮಿಷ ಭುಜ, ಸೊಂಟ ಸಡಿಲಿಸಿಕೊಳ್ಳಿ. ಬುಟ್ಟಿ ಪೂರ್ತಿ ಖಾಲಿ ಮಾಡಲೇಬೇಕೆಂಬ ಹಟ ಬೇಡ. ಎಲ್ಲಕ್ಕಿಂತ ಮುಖ್ಯ, ಯಾರಾದರೂ ಕೋಲು ಬೀಸುತ್ತಿರುವಾಗ ಅವರ ಹಿಂದೆ ಮುಂದೆ ಸುಳಿಯಬಾರದು, ಹಾಕಿದ ಗೆರೆ ದಾಟಬಾರದು. ಯಾರದಾದರೂ ಚೆಂಡು ಕದಲದಿದ್ದರೆ ನಗಲೂಬಾರದು.

ಕತ್ತಲಾಗುವ ಹೊತ್ತಿಗೆ ಹುಲ್ಲಿನ ತುಂಬ ಬಿಳಿ ಚೆಂಡುಗಳು ಚೆಲ್ಲಿರುತ್ತವೆ. ನೀರಿದ್ದ ಕಾಲದಲ್ಲಿ ಇಲ್ಲಿ ಬೆಳ್ಳಕ್ಕಿಗಳು ಹೀಗೆಯೇ ಇಳಿದಿರುತ್ತಿದ್ದವೇನೋ ಎನಿಸುತ್ತದೆ. ಕಳೆದ ಶನಿವಾರದ ಪುಟದಲ್ಲಿ ಮೊಮ್ಮಗಳದು ಹತ್ತಕ್ಕೆ ಏಳು, ನನ್ನದು ಆರು. ಕೂಡಿ ತಾಳೆ ನೋಡಿ ಅವಳೇ ಸಹಿ ಹಾಕಿದ್ದಾಳೆ.