ಕೂಡಲೂರಿನಲ್ಲಿ ಒಂದು ಭಾನುವಾರ

ದಾವಣಗೆರೆಯಲ್ಲಿ ಭಾನುವಾರದ ಬೆಳಗು ಮೂಡುವುದು ಬೆಣ್ಣೆದೋಸೆಯ ಕಾವಲಿಯ ಮೇಲೆಂದು ನನ್ನ ಶ್ರೀಮತಿಯ ಅಭಿಪ್ರಾಯ. ಪತಿಯಾದವನು ಇಂಥ ವಿಷಯಗಳಲ್ಲಿ ವಾದಕ್ಕಿಳಿಯಬಾರದು. ಸೌದೆಯ ಒಲೆಯ ಮುಂದೆ ಸರದಿಯಲ್ಲಿ ನಿಂತು, ದೋಸೆ ಮುಗಿಸಿ, ಹರಿಹರದ ಬಸ್ಸನ್ನು ಹತ್ತಿದೆವು.

ಈ ದೋಸೆಯ ಕಥೆಯೂ ಸ್ವಾರಸ್ಯವಾದುದೇ. 1928ರ ಸುಮಾರಿಗೆ ಸವಳಗಿಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮನೆಂಬ ತಾಯಿ ನಾಟಕದ ಥಿಯೇಟರಿನ ಬಳಿ ದೋಸೆ ಹಾಕಲಾರಂಭಿಸಿದುದೇ ಇದರ ಮೂಲವೆಂದು ಊರಿನವರು ಹೇಳುತ್ತಾರೆ. ಊರು ಬೆಳೆದದ್ದೂ ಹೀಗೆಯೇ. ಹೈದರಾಲಿಯು ಇದನ್ನು ಮರಾಠಾ ಸರದಾರನೊಬ್ಬನಿಗೆ ಜಹಗೀರಾಗಿ ಕೊಟ್ಟನು. ಅವನು ಹೊರಗಿನ ವರ್ತಕರನ್ನು ಕರೆದು ನೆಲೆಗೊಳಿಸಿದನು. ಮುಂದೆ ಹತ್ತಿಯ ಗಿರಣಿಗಳು ಬಂದವು. ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಗಿರಣಿಗಳ ಸದ್ದು ಈಗ ಅಡಗಿದೆ. ಮಂಡಕ್ಕಿ ಭಟ್ಟಿಗಳ ಹೊಗೆ ಮಾತ್ರ ಇನ್ನೂ ಏಳುತ್ತಿದೆ.

ಹದಿನಾಲ್ಕು ಕಿಲೋಮೀಟರು ಕಳೆದರೆ ಹರಿಹರ. ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಈ ಸ್ಥಳಕ್ಕೆ ಹಿಂದೆ ಕೂಡಲೂರೆಂಬ ಹೆಸರಿತ್ತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯವೇ ಊರಿನ ಹೃದಯ. ಗುಹನೆಂಬ ಅಸುರನು ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದನಂತೆ. ಆಗ ಇಬ್ಬರೂ ಒಂದೇ ಶರೀರವಾಗಿ ಬಂದರಂತೆ. ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ಒಂದಾದರೂ ಒಬ್ಬರ ಗುರುತು ಇನ್ನೊಬ್ಬರಲ್ಲಿ ಕರಗಿಲ್ಲ.

ನುಣುಪಾದ ಕಂಬಗಳ ನಡುವೆ ನಿಂತಿದ್ದಾಗ ಯಾರೋ "ಸರ್, ನಮಸ್ಕಾರ" ಎಂದರು. ತಿರುಗಿ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ! ಜೊತೆಯಲ್ಲಿ ತಂದೆ. ಆಕೆ ಈಗ ಬೆಂಗಳೂರಿನಲ್ಲಿ ಅನೇಕ ದೇಶಗಳಲ್ಲಿ ಶಾಖೆಗಳುಳ್ಳ ಕಂಪನಿಯೊಂದರಲ್ಲಿ ಉದ್ಯೋಗಸ್ಥೆ. ನಾಲ್ವರೂ ಮಾತನಾಡುತ್ತ ಹೊಳೆಯ ದಂಡೆಗೆ ನಡೆದೆವು.

ತಂದೆ ದುಡಿದದ್ದು ಹರಿಹರದ ಯಂತ್ರಪುರದಲ್ಲಿ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಈ ಶತಮಾನದ ಆರಂಭದ ವೇಳೆಗೆ ಮುಚ್ಚಿಹೋಯಿತು. "ನಮ್ ಮೇಸ್ತ್ರಿ ಮರಾಠಿಯವ್ರು ಸಾರ್," ಎಂದರು ಆ ಹಿರಿಯರು. "ಪಕ್ಕದ ಮಿಷಿನ್ನಿನಾಗೆ ತಮಿಳಿನವ, ಆ ಕಡೆ ಉರ್ದು ಮನೆಯವ. ಕೈ ಸಿಕ್ರೆ ಬೆರಳೇ ಹೋಗೋ ಕೆಲ್ಸ. 'ನಿಲ್ಸು' ಅನ್ನೋದು ನಾಕು ಭಾಷೆನಾಗೂ ಎಲ್ರಿಗೂ ಗೊತ್ತಿರ್ಬೇಕಿತ್ತು."

ಮಗಳು ನಕ್ಕಳು. "ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ವೈವಿಧ್ಯದ ಹಬ್ಬ, ಸರ್. ಎಲ್ಲರೂ ತಮ್ಮ ಸೀಮೆಯ ಉಡುಪು ಉಟ್ಟು, ತಿಂಡಿ ತರುತ್ತಾರೆ. ನನ್ನ ಇಳಕಲ್ ಸೀರೆಯನ್ನು ಬಹಳ ಮೆಚ್ಚಿದರು. ಮಾರನೆಯ ದಿನದ ಸಭೆಯಲ್ಲಿ ನಾನು ಎಂದಿನಂತೆ ಮೌನಿ." ಎರಡು ವರ್ಷ ಹೀಗೆಯೇ ಕಳೆಯಿತಂತೆ. ಆಮೇಲೆ ಪೋಲೆಂಡಿನ ಮಹಿಳೆಯೊಬ್ಬರು ಮೇಲಧಿಕಾರಿಯಾಗಿ ಬಂದರು. ತಾವೂ ಇಂಗ್ಲಿಷನ್ನು ಶಾಲೆಯಲ್ಲಿ ಕಷ್ಟಪಟ್ಟು ಕಲಿತವರೆಂದು ಹೇಳಿ, ಪ್ರತಿ ಸಭೆಯ ಕೊನೆಯ ಐದು ನಿಮಿಷಗಳನ್ನು ಅದುವರೆಗೆ ಬಾಯಿ ತೆರೆಯದವರಿಗೇ ಮೀಸಲಿಟ್ಟರು. ಯಾರೂ ನಡುವೆ ಬಾಯಿ ಹಾಕಬಾರದು, ಉಚ್ಚಾರವನ್ನು ತಿದ್ದಬಾರದು. "ಆ ಐದು ನಿಮಿಷದಿಂದ ನಾನು ಮಾತು ಕಲಿತೆ, ಸರ್."

"ಹೊಸ ಜಾಗ, ಹೆದರಿಕೆ ಸಹಜವೇ," ಎಂದೆ.

ಆಕೆ ಕ್ಷಣಕಾಲ ಹೊಳೆಯ ಕಡೆ ನೋಡಿದಳು. "ಹೆದರಿಕೆ ಶುರುವಾದದ್ದು ಅಲ್ಲಿ ಅಲ್ಲ, ಸರ್."

ನನಗೆ ನೆನಪಾಯಿತು. ಮೊದಲ ವರ್ಷದ ತರಗತಿ. ಗದ್ಯಭಾಗವನ್ನು ಓದುತ್ತಿದ್ದ ಹುಡುಗಿ 'ಹಾಲು' ಎಂಬುದನ್ನು 'ಆಲು' ಎಂದಳು. ನಾನು ಮೂರು ಬಾರಿ ಹೇಳಿಸಿದೆ. ಮೂರು ಬಾರಿಯೂ ತರಗತಿ ನಕ್ಕಿತು. ನಾನೂ ನಕ್ಕಿದ್ದೆ. ಆಮೇಲೆ ಆಕೆ ಎದ್ದು ಓದಿದ ನೆನಪೇ ನನಗಿಲ್ಲ. ಶುದ್ಧ ಭಾಷೆಯನ್ನು ಕಾಪಾಡಿದೆನೆಂಬ ತೃಪ್ತಿಯಿಂದ ಅಂದು ಮನೆಗೆ ಹೋಗಿದ್ದೆ!

"ತಪ್ಪಾಯಿತಮ್ಮಾ," ಎಂದೆ. ಬೇರೇನೂ ಹೇಳಲು ತೋಚಲಿಲ್ಲ. "ಅಯ್ಯೋ, ಬಿಡಿ ಸರ್," ಎಂದಳು. ಬಿಟ್ಟುಬಿಡುವುದು ಆಕೆಯ ಸೌಜನ್ಯ, ನಾನು ಬಿಡುವಂತಿರಲಿಲ್ಲ.

ಉದ್ಯೋಗದಲ್ಲಿ ಭೇದಭಾವ ಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1958ರಲ್ಲಿ ಒಂದು ಒಪ್ಪಂದವನ್ನು ರೂಪಿಸಿತು. ಭಾರತವು 1960ರಲ್ಲಿ ಅದನ್ನು ಅಂಗೀಕರಿಸಿತು. ಜನಾಂಗ, ಬಣ್ಣ, ಲಿಂಗ, ಮತ, ರಾಜಕೀಯ ಅಭಿಪ್ರಾಯ, ರಾಷ್ಟ್ರಮೂಲ, ಸಾಮಾಜಿಕ ಮೂಲ ಎಂದು ಪಟ್ಟಿಯಿದೆ. ಉಚ್ಚಾರದ ಹೆಸರು ಅದರಲ್ಲಿಲ್ಲ. ಆದರೆ ಬಾಯಿ ತೆರೆದೊಡನೆ ಒಬ್ಬನ ಊರು, ಕುಲ, ಮನೆತನಗಳನ್ನು ಅಳೆದುಬಿಡುವ ನಮ್ಮಂಥವರಿಗೆ ಅದು ಸಾಮಾಜಿಕ ಮೂಲದ ಇನ್ನೊಂದು ಹೆಸರಲ್ಲವೆ?

ಎದುರಿಗೆ 1868ರ ಸೇತುವೆ. 1956ರವರೆಗೆ ಈ ದಡ ಮೈಸೂರು ಸಂಸ್ಥಾನಕ್ಕೂ ಆ ದಡ ಮುಂಬಯಿ ಪ್ರಾಂತಕ್ಕೂ ಸೇರಿದ್ದವು. ಎರಡೂ ಕಡೆ ಕನ್ನಡವೇ. ಆದರೂ ಆ ದಡದ 'ಬರ್ರಿ, ಕುಂದರ್ರಿ' ಕೇಳಿ ಈ ದಡದವರು ನಗುತ್ತಿದ್ದರೆಂದೂ ಈ ದಡದ ಮಾತಿಗೆ ಅವರು ನಗುತ್ತಿದ್ದರೆಂದೂ ಹಿರಿಯರು ಹೇಳಿದರು. ಸೇತುವೆ ಮಾತ್ರ ಇಬ್ಬರನ್ನೂ ದಾಟಿಸುತ್ತಿತ್ತು.

ಸಂಜೆ ಬಸ್ಸಿನಲ್ಲಿ ನನ್ನ ಶ್ರೀಮತಿ, "ಏಕೆ ಇಷ್ಟು ಮೌನ?" ಎಂದಳು. "ಐದು ನಿಮಿಷಗಳ ಲೆಕ್ಕ ಹಾಕುತ್ತಿದ್ದೇನೆ," ಎಂದೆ. ಸೋಮವಾರ ಮೊದಲ ಗಂಟೆಗೆ ನನ್ನದೇ ಪಾಠ. ಕೊನೆಯ ಸಾಲಿನಲ್ಲಿ ಜಗಳೂರಿನ ಕಡೆಯ ಹುಡುಗನೊಬ್ಬನಿದ್ದಾನೆ. ಈ ವರ್ಷ ಅವನ ದನಿಯನ್ನು ನಾನಿನ್ನೂ ಕೇಳಿಲ್ಲ.